‘ನಾಳೆ’ ಎಂಬ ಪ್ರಮಾದ

ಕರ್ಮಬಂಧಕ್ಕೆ ಕಾರಣಗಳಾವುವು ಎಂಬ ಪ್ರಶ್ನೆಗೆ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಎಂಟನೆಯ ಅಧ್ಯಾಯದ ಆರಂಭದಲ್ಲಿಯೇ ಉತ್ತರವಿತ್ತಿದ್ದಾರೆ. ಮಿಥ್ಯಾದರ್ಶನ, ಅವಿರತಿ, ಪ್ರಮಾದ, ಕಷಾಯ, ಯೋಗ ಇವೇ ಆ ಐದು ಹೇತುಗಳು. ಇವುಗಳಲ್ಲಿ ಮಿಥ್ಯಾತ್ವದ ವಿಚಾರ ಪ್ರವಚನಗಳಲ್ಲಿ ಬೇಕಾದಷ್ಟು ಕೇಳಿಬರುತ್ತದೆ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳನ್ನು ಪಾಠಶಾಲೆಯ ಮಕ್ಕಳೂ ಹೆಸರಿಸಬಲ್ಲರು. ನಡುವೆ ಕುಳಿತ ಪ್ರಮಾದ ಮಾತ್ರ ಯಾರ ಗಮನಕ್ಕೂ ಬಾರದೆ ಉಳಿದುಬಿಡುತ್ತದೆ. ಇದಕ್ಕೆ ಕಾರಣವುಂಟು. ಸುಳ್ಳು, ಕಳವು, ಕೋಪಗಳು ಕಣ್ಣಿಗೆ ಬೀಳುವ ದೋಷಗಳು. ಮಾಡಿದ ತಪ್ಪಿಗೆ ಸಾಕ್ಷಿಗಳಿರುತ್ತಾರೆ. ಮಾಡದೆ ಬಿಟ್ಟ ಕರ್ತವ್ಯಕ್ಕೆ ಅದನ್ನು ಬಿಟ್ಟವನ ಮನಸ್ಸಲ್ಲದೆ ಬೇರೆ ಸಾಕ್ಷಿಯಿಲ್ಲ. ಆ ಮನಸ್ಸಾದರೋ ‘ನಾಳೆ ಮಾಡಿದರಾಯಿತು’ ಎಂಬ ಒಂದೇ ಮಾತಿನಿಂದ ಸಮಾಧಾನಗೊಳ್ಳುತ್ತದೆ.

ಪ್ರಮಾದವೆಂದರೆ ಸೋಮಾರಿತನವೆಂದು ಸಾಮಾನ್ಯವಾಗಿ ಅರ್ಥೈಸಲಾಗುತ್ತದೆ. ಆದರೆ ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವಾಗ ದೇಹದ ಜಡತ್ವವನ್ನು ಮುಂದಿಡುವುದಿಲ್ಲ. ಒಳ್ಳೆಯ ಕಾರ್ಯಗಳಲ್ಲಿ ಆದರವಿಲ್ಲದಿರುವುದನ್ನು ಮುಂದಿಡುತ್ತಾರೆ. ಇದು ಬಹಳ ಸೂಕ್ಷ್ಮವಾದ ಗುರುತಿಸುವಿಕೆ. ಕೆಲಸವನ್ನು ಮುಂದೂಡುವವನು ಬಹುಮಟ್ಟಿಗೆ ಸುಮ್ಮನೆ ಕುಳಿತಿರುವುದಿಲ್ಲ. ಅಂಗಡಿಯ ಲೆಕ್ಕ ಬರೆಯಬೇಕಾದವನು ಕಪಾಟನ್ನು ಒರೆಸುತ್ತಾನೆ. ಪರೀಕ್ಷೆಗೆ ಓದಬೇಕಾದ ವಿದ್ಯಾರ್ಥಿ ಪುಸ್ತಕಗಳಿಗೆ ಹೊದಿಕೆ ಹಾಕುತ್ತಾನೆ. ಸಾಮಾಯಿಕಕ್ಕೆ ಕುಳಿತುಕೊಳ್ಳಬೇಕಾದ ಗೃಹಿಣಿಗೆ ಅದೇ ಹೊತ್ತಿಗೆ ಹತ್ತು ಕೆಲಸಗಳು ನೆನಪಾಗುತ್ತವೆ. ಇಲ್ಲಿ ಶ್ರಮಕ್ಕೆ ಕೊರತೆಯಿಲ್ಲ. ಯಾವುದಕ್ಕೆ ಶ್ರಮ ಸಲ್ಲಬೇಕೋ ಅದಕ್ಕೆ ಸಲ್ಲಬೇಕಾದ ಆದರ ಮಾತ್ರ ಇಲ್ಲ.

ಗೊಮ್ಮಟಸಾರದ ಜೀವಕಾಂಡದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಪ್ರಮಾದವನ್ನು 15 ವಿಧವಾಗಿ ಎಣಿಸಿದ್ದಾರೆ. ನಾಲ್ಕು ವಿಕಥೆಗಳು, ನಾಲ್ಕು ಕಷಾಯಗಳು, ಐದು ಇಂದ್ರಿಯಗಳು, ನಿದ್ರೆ ಹಾಗೂ ಪ್ರಣಯ ಎಂಬ ಸ್ನೇಹಾಸಕ್ತಿ ಇವು ಸೇರಿ 15. ಒಂದೊಂದು ವಿಕಥೆಯು ಒಂದೊಂದು ಕಷಾಯದೊಡನೆ, ಒಂದೊಂದು ಇಂದ್ರಿಯದೊಡನೆ ಕೂಡಿದಾಗ 80 ಭಂಗಗಳಾಗುತ್ತವೆ. ಈ ಲೆಕ್ಕ ಕೇವಲ ಪಾಂಡಿತ್ಯದ ವಿನೋದವಲ್ಲ. ಮನುಷ್ಯನು ಕರ್ತವ್ಯದಿಂದ ಜಾರುವ ದಾರಿ ಒಂದೇ ಅಲ್ಲ, ಹಲವು ಎಂಬುದನ್ನು ಅದು ತೋರಿಸುತ್ತದೆ. ಒಬ್ಬನು ರುಚಿಗೆ ಸೋತು ಜಾರಿದರೆ ಮತ್ತೊಬ್ಬನು ಅಭಿಮಾನದಿಂದ ಜಾರುತ್ತಾನೆ. ಚೆನ್ನಾಗಿ ಆಗದಿದ್ದರೆ ಹೆಸರು ಕೆಟ್ಟೀತೆಂಬ ಅಂಜಿಕೆಯಿಂದ ಕೆಲಸವನ್ನೇ ಆರಂಭಿಸದಿರುವುದು ಮಾನಕಷಾಯದ ಒಂದು ರೂಪ. ವಿಕಥೆಗಳಂತೂ ಇಂದು ಊರಕಟ್ಟೆಯನ್ನು ಬಿಟ್ಟು ಅಂಗೈಯೊಳಗಿನ ಮೊಬೈಲಿಗೇ ಬಂದು ನೆಲೆಸಿವೆ. ರಾಜಕಥೆ, ರಾಷ್ಟ್ರಕಥೆ, ಭೋಜನಕಥೆ, ಸ್ತ್ರೀಕಥೆ ಎಂಬ ಹಳೆಯ ನಾಲ್ಕು ವಿಭಾಗಗಳಿಗೆ ಸೇರದ ಸುದ್ದಿ ಅಲ್ಲಿ ವಿರಳ.

ಆಧುನಿಕ ಮನಶ್ಶಾಸ್ತ್ರವೂ ಈಚಿನ ವರ್ಷಗಳಲ್ಲಿ ಇದೇ ದಿಕ್ಕಿನಲ್ಲಿ ಯೋಚಿಸತೊಡಗಿದೆ. ಫುಶಿಯಾ ಸಿರೋಯಿಸ್ ಮತ್ತು ತಿಮೊತಿ ಪಿಚಿಲ್ ಎಂಬ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಕೆಲಸವನ್ನು ಮುಂದೂಡುವ ಚಟವು ಮೂಲತಃ ವೇಳೆಯ ನಿರ್ವಹಣೆಯ ದೋಷವಲ್ಲ, ಭಾವನೆಗಳ ನಿರ್ವಹಣೆಯ ದೋಷ ಎಂದು ವಾದಿಸಿದರು. ಕೆಲಸವನ್ನು ನೆನೆದೊಡನೆ ಬೇಸರ, ಭಯ, ಅನುಮಾನಗಳು ಏಳುತ್ತವೆ. ಅವನ್ನು ತಪ್ಪಿಸಿಕೊಳ್ಳಲು ಮನಸ್ಸು ಬೇರೆಡೆಗೆ ಓಡುತ್ತದೆ. ಆ ಕ್ಷಣಕ್ಕೆ ಹಾಯೆನಿಸುತ್ತದೆ. ಕೆಲಸ ಮಾತ್ರ ಇದ್ದಲ್ಲಿಯೇ ಇರುತ್ತದೆ. ಜೈನಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಅನಿಷ್ಟವಾದುದು ಎದುರಾದಾಗ ಅದರಿಂದ ಹೇಗೆ ಪಾರಾಗಲಿ ಎಂಬ ಚಿಂತೆಯಲ್ಲಿಯೇ ಸುತ್ತುವ ಆರ್ತಧ್ಯಾನವಿದು. ಅರ್ಧ ತಾಸಿನ ಕೆಲಸವನ್ನು ಆರು ತಿಂಗಳು ಮುಂದೂಡಿದವನು ವಾಸ್ತವದಲ್ಲಿ ಆರು ತಿಂಗಳೂ ಆ ಕೆಲಸವನ್ನು ಹೊತ್ತಿರುತ್ತಾನೆ. ಊಟದಲ್ಲಿ, ನಿದ್ರೆಯಲ್ಲಿ, ಪೂಜೆಯಲ್ಲಿಯೂ ಅದು ಅವನನ್ನು ಬಿಡುವುದಿಲ್ಲ.

ಪ್ರಮಾದ ಮತ್ತು ಹಿಂಸೆ

ಮುಂದೂಡುವುದರಿಂದ ನಷ್ಟವಾದರೆ ಅದು ಮುಂದೂಡಿದವನಿಗೇ ಅಲ್ಲವೇ, ಅದರಲ್ಲಿ ಪಾಪದ ಮಾತೇಕೆ ಎಂದು ಕೆಲವರು ಕೇಳುವುದುಂಟು. ಈ ಪ್ರಶ್ನೆಗೆ ತತ್ತ್ವಾರ್ಥಸೂತ್ರದಲ್ಲಿ ಬರುವ ಹಿಂಸೆಯ ಲಕ್ಷಣವೇ ಉತ್ತರ. ಅಲ್ಲಿ ಕೇವಲ ಪ್ರಾಣಹರಣವನ್ನು ಹಿಂಸೆಯೆಂದಿಲ್ಲ. ಪ್ರಮಾದದಿಂದ ಕೂಡಿದ ಮನೋವಾಕ್ಕಾಯಗಳ ಪ್ರವೃತ್ತಿಯಿಂದ ಆಗುವ ಪ್ರಾಣಘಾತವನ್ನು ಹಿಂಸೆಯೆಂದಿದೆ. ಅಂದರೆ ಅಹಿಂಸೆಯೆಂಬ ಪರಮಧರ್ಮದ ಬಾಗಿಲಿನಲ್ಲಿಯೇ ಪ್ರಮಾದದ ವಿಚಾರ ನಿಂತಿದೆ.

ಇದನ್ನು ಅಡುಗೆಮನೆಯಲ್ಲಿಯೇ ಕಾಣಬಹುದು. ಧಾನ್ಯವನ್ನು ಹೊತ್ತಿಗೆ ಸರಿಯಾಗಿ ಬಿಸಿಲಿಗೆ ಹಾಕಿ, ಹಸನುಮಾಡಿ, ಗಾಳಿಯಾಡದಂತೆ ತುಂಬಿಟ್ಟರೆ ಅದರಲ್ಲಿ ಹುಳು ಹುಟ್ಟುವ ಸಂಭವ ಕಡಿಮೆ. ‘ಮುಂದಿನ ವಾರ ನೋಡೋಣ’ ಎಂದು ಬಿಟ್ಟ ಧಾನ್ಯಕ್ಕೆ ನುಸಿ ಹಿಡಿಯುತ್ತದೆ. ಆಮೇಲೆ ಅದನ್ನು ಬಿಸಿಲಿಗೆ ಹಾಕಿದರೂ ಹಿಂಸೆ, ಬೀಸಿದರೂ ಹಿಂಸೆ, ಚೆಲ್ಲಿದರೂ ಹಿಂಸೆ. ಅಹಿಂಸೆಯಿಂದ ನಡೆಯಬಹುದಾಗಿದ್ದ ದಾರಿಗಳೆಲ್ಲ ಒಂದು ವಾರದ ಆಲಸ್ಯದಿಂದ ಮುಚ್ಚಿಹೋಗುತ್ತವೆ. ಕೊಲ್ಲಬೇಕೆಂಬ ಭಾವ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಕಾಯಬೇಕೆಂಬ ಎಚ್ಚರವೂ ಇರಲಿಲ್ಲ.

ಬಸದಿಯ ಮಾಡಿನ ವಿಚಾರವೂ ಹೀಗೆಯೇ. ಕರಾವಳಿ ಹಾಗೂ ಮಲೆನಾಡಿನ ಹೆಂಚಿನ ಮಾಡುಗಳಲ್ಲಿ ಒಂದು ಹೆಂಚು ಜಾರಿದರೆ ಮಳೆಗಾಲಕ್ಕೆ ಮೊದಲು ಅದನ್ನು ಸರಿಪಡಿಸುವುದು ಒಬ್ಬ ಕೆಲಸಗಾರನ ಒಂದು ಹೊತ್ತಿನ ಕೆಲಸ. ಅದನ್ನು ಬಿಟ್ಟರೆ ಆ ಮಳೆಗಾಲದಲ್ಲಿ ನೀರು ಇಳಿದು ಮರ ತೊಯ್ಯುತ್ತದೆ. ತೊಯ್ದ ಮರಕ್ಕೆ ಗೆದ್ದಲು ಏರುತ್ತದೆ. ಕೆಲವು ವರ್ಷಗಳಲ್ಲಿ ತೊಲೆಯನ್ನೇ ಬದಲಿಸಬೇಕಾಗುತ್ತದೆ. ಆಗ ಸಾವಿರಾರು ಜೀವಿಗಳ ನೆಲೆಯನ್ನು ಕೀಳದೆ ಜೀರ್ಣೋದ್ಧಾರ ಸಾಧ್ಯವಿಲ್ಲ. ಜೀರ್ಣೋದ್ಧಾರಕ್ಕಾಗಿ ದೊಡ್ಡ ಮೊತ್ತದ ದೇಣಿಗೆ ಸಂಗ್ರಹಿಸಿ, ಸಮಾರಂಭ ನಡೆಸಿ, ಫಲಕದಲ್ಲಿ ಹೆಸರು ಕೆತ್ತಿಸುವ ಉತ್ಸಾಹ ಸಮಾಜದಲ್ಲಿ ಕಾಣುತ್ತದೆ. ಅದರ ನೂರರಲ್ಲೊಂದು ಪಾಲು ಉತ್ಸಾಹ ಜಾರಿದ ಹೆಂಚಿಗೆ ಸಂದಿದ್ದರೆ ಆ ಉದ್ಧಾರದ ಅಗತ್ಯವೇ ಬೀಳುತ್ತಿರಲಿಲ್ಲ.

ಕಾಲಾತಿಕ್ರಮ

ಸಂಸ್ಥೆಗಳನ್ನು ನಡೆಸುವವರು ಮನನ ಮಾಡಬೇಕಾದ ಮತ್ತೊಂದು ವಿಚಾರ ಅತಿಥಿಸಂವಿಭಾಗ ವ್ರತದ ಅತಿಚಾರಗಳಲ್ಲಿದೆ. ಸತ್ಪಾತ್ರರಿಗೆ ಆಹಾರಾದಿಗಳನ್ನು ನೀಡುವ ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಲಾಗಿದೆ. ಅವುಗಳಲ್ಲಿ ಒಂದರ ಹೆಸರು ಕಾಲಾತಿಕ್ರಮ. ನೀಡಬೇಕಾದ ಹೊತ್ತನ್ನು ಮೀರುವುದು. ಮತ್ತೊಂದರ ಹೆಸರು ಪರವ್ಯಪದೇಶ. ಇದು ಬೇರೆಯವರದು, ಕೊಡುವವರು ಬೇರೆ ಇದ್ದಾರೆ ಎಂದು ಹೇಳಿ ಜಾರಿಕೊಳ್ಳುವುದು. ಇಲ್ಲಿ ‘ಕೊಡುವುದಿಲ್ಲ’ ಎಂದು ಯಾರೂ ಹೇಳಿಲ್ಲ ಎಂಬುದನ್ನು ಗಮನಿಸಬೇಕು. ಮುನಿಗಳು ದಿನಕ್ಕೊಮ್ಮೆ ಮಾತ್ರ, ನಿಯತವಾದ ಹೊತ್ತಿನಲ್ಲಿ ಆಹಾರ ಸ್ವೀಕರಿಸುವವರು. ಹೊತ್ತು ಮೀರಿದ ಮೇಲೆ ಎಷ್ಟು ಶುದ್ಧವಾದ ಆಹಾರವನ್ನು ಸಿದ್ಧಪಡಿಸಿದರೂ ಅದು ದಾನವಾಗುವುದಿಲ್ಲ. ಹೊತ್ತು ತಪ್ಪಿದ ಒಳ್ಳೆಯತನ ಒಳ್ಳೆಯತನವಾಗಿ ಉಳಿಯುವುದಿಲ್ಲ ಎಂಬುದನ್ನು ಆಚಾರ್ಯರು ವ್ರತದ ನಿಯಮವಾಗಿಯೇ ವಿಧಿಸಿದರು.

ಬಡ ವಿದ್ಯಾರ್ಥಿಯ ಅರ್ಜಿ ಜೂನ್ ತಿಂಗಳಲ್ಲಿ ಬಂದು, ಸಮಿತಿಯ ಸಭೆ ಮೂರು ಸಲ ಮುಂದಕ್ಕೆ ಹೋಗಿ, ವಿದ್ಯಾರ್ಥಿವೇತನ ಜನವರಿಯಲ್ಲಿ ಮಂಜೂರಾದರೆ ಅದು ಕಾಲಾತಿಕ್ರಮ. ಆ ವೇಳೆಗೆ ಹುಡುಗನು ಕಾಲೇಜು ಬಿಟ್ಟು ಯಾವುದೋ ಅಂಗಡಿಯಲ್ಲಿ ಕೆಲಸಕ್ಕೆ ಸೇರಿರಬಹುದು. ಕಾರ್ಯದರ್ಶಿಯು ಅಧ್ಯಕ್ಷರ ಮೇಲೆ, ಅಧ್ಯಕ್ಷರು ಕೋಶಾಧಿಕಾರಿಯ ಮೇಲೆ ಹೇಳಿದರೆ ಅದು ಪರವ್ಯಪದೇಶ. ಪಂಚಕಲ್ಯಾಣದ ವೇದಿಕೆಯಲ್ಲಿ ನಾಲ್ಕು ಜನರ ಎದುರಿಗೆ ಘೋಷಿಸಿದ ದಾನವನ್ನು ವರ್ಷಗಟ್ಟಲೆ ಸಲ್ಲಿಸದಿರುವುದೂ ಇದೇ ವರ್ಗಕ್ಕೆ ಸೇರಿದುದು. ಘೋಷಿಸಿದ ಕ್ಷಣವೇ ಆ ಧನದ ಮೇಲಿನ ಮಮತ್ವ ತ್ಯಾಗವಾಯಿತು. ಅನಂತರ ಅದನ್ನು ತನ್ನ ವ್ಯಾಪಾರದಲ್ಲಿ ಇಟ್ಟುಕೊಂಡವನು ತನ್ನದಲ್ಲದುದನ್ನು ಇಟ್ಟುಕೊಂಡಂತಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಬೆಲೆ ತೆರಬೇಕಾದುದು ಕ್ಷಮೆಯನ್ನು ಮುಂದೂಡಿದಾಗ. ಕಷಾಯಗಳ ಸಂಸ್ಕಾರ ಎಷ್ಟು ಕಾಲ ಉಳಿಯುತ್ತದೆ ಎಂಬ ವಾಸನಾಕಾಲದ ವಿಚಾರ ಗೊಮ್ಮಟಸಾರದ ಕರ್ಮಕಾಂಡದಲ್ಲಿದೆ. ಸಂಜ್ವಲನ ಕಷಾಯದ ವಾಸನೆ ಅಂತರ್ಮುಹೂರ್ತ, ಅಂದರೆ 48 ನಿಮಿಷಗಳೊಳಗಿನ ಕಾಲ; ಪ್ರತ್ಯಾಖ್ಯಾನಾವರಣದ್ದು ಒಂದು ಪಕ್ಷ; ಅಪ್ರತ್ಯಾಖ್ಯಾನಾವರಣದ್ದು ಆರು ತಿಂಗಳು; ಅನಂತಾನುಬಂಧಿಯದು ಅದನ್ನೂ ಮೀರಿ ಭವಭವಾಂತರಗಳವರೆಗೆ. ಮೊದಲನೆಯದು ನೀರಿನ ಮೇಲಿನ ಗೆರೆಯಂತೆ ಅಳಿಯುತ್ತದೆ. ಕೊನೆಯದು ಕಲ್ಲಿನ ಗೆರೆಯಂತೆ ನಿಲ್ಲುತ್ತದೆ. ಅಣ್ಣತಮ್ಮಂದಿರ ನಡುವೆ ಆಸ್ತಿಯ ಪಾಲಿನ ದಿನ ಬಂದ ಒಂದು ಬಿರುನುಡಿಯನ್ನು ಅಂದಿನ ಸಂಜೆಯೇ ‘ತಪ್ಪಾಯಿತು’ ಎಂಬ ಮಾತಿನಿಂದ ಅಳಿಸಬಹುದು. ಹದಿನೈದು ದಿನ ಕಳೆದರೆ ಬಂಧುಗಳು ನಡುವೆ ಬರಬೇಕಾಗುತ್ತದೆ. ಆರು ತಿಂಗಳು ಕಳೆದರೆ ಮದುವೆಯ ಕರೆಯೋಲೆ ನಿಲ್ಲುತ್ತದೆ. ಆಮೇಲೆ ಮಕ್ಕಳು ಕಾರಣವನ್ನೇ ಅರಿಯದೆ ದ್ವೇಷವನ್ನು ಮಾತ್ರ ಪಿತ್ರಾರ್ಜಿತವಾಗಿ ಪಡೆಯುತ್ತಾರೆ. ದಶಲಕ್ಷಣ ಪರ್ವದ ಬಳಿಕ ಬರುವ ಕ್ಷಮಾವಾಣಿಯ ದಿನ ಊರಿನವರಿಗೆಲ್ಲ ಕೈಮುಗಿದು, ಮಾತು ಬಿಟ್ಟ ತಮ್ಮನ ಮನೆಯ ಮುಂದೆ ಮಾತ್ರ ನಿಲ್ಲದೆ ಬರುವ ಶ್ರಾವಕನು ಸುಲಭವಾದುದನ್ನು ಮಾಡಿ ಅವಶ್ಯವಾದುದನ್ನು ಮುಂದಿನ ವರ್ಷಕ್ಕೆ ಉಳಿಸಿದ್ದಾನೆ. ಮುಂದಿನ ವರ್ಷ ತಾನಾಗಲಿ ತಮ್ಮನಾಗಲಿ ಇರುವರೆಂಬ ಭರವಸೆಯನ್ನು ಅವನಿಗೆ ಕೊಟ್ಟವರಾರು?

ಎರಡು ಆಕ್ಷೇಪಗಳು

ಪ್ರಮಾದಕ್ಕೆ ಶಾಸ್ತ್ರದ ಆಧಾರವನ್ನೇ ಹುಡುಕುವವರಿಗೆ ಕೊರತೆಯಿಲ್ಲ. ವೀರ್ಯಾಂತರಾಯ ಕರ್ಮದ ಉದಯವಿರುವಾಗ ಉತ್ಸಾಹ ಎಲ್ಲಿಂದ ಬರಬೇಕು, ಕಾಲಲಬ್ಧಿ ಬಂದಾಗ ತಾನಾಗಿಯೇ ಆಗುತ್ತದೆ ಎಂಬುದು ಅವರ ವಾದ. ಈ ವಾದ ಅರ್ಧ ಸತ್ಯವಾದುದರಿಂದಲೇ ಅಪಾಯಕರ. ಅಂತರಾಯ ಕರ್ಮದ ಐದು ಭೇದಗಳಲ್ಲಿ ವೀರ್ಯಾಂತರಾಯವೂ ಒಂದೆಂಬುದು ನಿಜ. ಆದರೆ ಅದು ಯಾವ ಸಂಸಾರಿ ಜೀವದ ಶಕ್ತಿಯನ್ನೂ ಸಂಪೂರ್ಣವಾಗಿ ಮುಚ್ಚಲಾರದು; ಅದರ ಕ್ಷಯೋಪಶಮ ಅತ್ಯಲ್ಪವಾಗಿಯಾದರೂ ಪ್ರತಿಯೊಂದು ಜೀವಕ್ಕೂ ಇದ್ದೇ ಇರುತ್ತದೆ. ಮನುಷ್ಯಪರ್ಯಾಯವನ್ನು ಪಡೆದವನು ತನಗೆ ಏನೂ ಶಕ್ತಿಯಿಲ್ಲವೆಂದು ಹೇಳುವಂತಿಲ್ಲ. ಇರುವ ಅಷ್ಟು ಶಕ್ತಿಯನ್ನು ಬಚ್ಚಿಟ್ಟಿದ್ದಾನೆಯೇ, ಬಳಸಿದ್ದಾನೆಯೇ ಎಂಬುದಷ್ಟೇ ಪ್ರಶ್ನೆ.

ಸಮಂತಭದ್ರ ಆಚಾರ್ಯರು ಆಪ್ತಮೀಮಾಂಸೆಯಲ್ಲಿ ದೈವವೊಂದೇ ಕಾರಣವೆಂಬ ಏಕಾಂತವನ್ನೂ ಪೌರುಷವೊಂದೇ ಕಾರಣವೆಂಬ ಏಕಾಂತವನ್ನೂ ನಿರಾಕರಿಸಿದ್ದಾರೆ. ಬುದ್ಧಿಪೂರ್ವಕವಾಗಿ ಉದ್ದೇಶಿಸದೆ ಒದಗಿದ ಇಷ್ಟಾನಿಷ್ಟಗಳಲ್ಲಿ ದೈವವು ಪ್ರಧಾನ. ಬುದ್ಧಿಪೂರ್ವಕವಾಗಿ ಮಾಡಿದುದರಲ್ಲಿ ಪೌರುಷವು ಪ್ರಧಾನ. ಈ ವಿವೇಕದಂತೆ ನೋಡಿದರೆ, ಮಾಡಬೇಕೆಂದು ತಿಳಿದೂ ಮಾಡದೆ ಬಿಟ್ಟ ಕೆಲಸ ಪೌರುಷದ ಕ್ಷೇತ್ರಕ್ಕೆ ಸೇರಿದುದು. ಅದನ್ನು ದೈವದ ಲೆಕ್ಕಕ್ಕೆ ಬರೆಯುವಂತಿಲ್ಲ. ಹೊಲವನ್ನು ಉಳುವಾಗ ಮಳೆಯನ್ನು ನಂಬಿದ ರೈತನು, ಮಳೆ ಬಂದೇ ಬರುತ್ತದೆಂದು ನೇಗಿಲನ್ನು ಅಟ್ಟಕ್ಕೇರಿಸುವುದಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ಜೈನಧರ್ಮವು ನಿವೃತ್ತಿಪ್ರಧಾನವಾದುದು, ಆರಂಭ ಪರಿಗ್ರಹಗಳನ್ನು ಕಡಿಮೆ ಮಾಡೆಂದೇ ಅದು ಬೋಧಿಸುತ್ತದೆ, ಹಾಗಿರುವಾಗ ‘ಮಾಡು, ಬೇಗ ಮಾಡು’ ಎಂಬ ಅವಸರವೇ ಒಂದು ಬಗೆಯ ಆಸಕ್ತಿಯಲ್ಲವೇ? ‘ನಾಳೆ ಎಂದವನ ಮನೆ ಹಾಳು’ ಎಂದ ಜನವೇ ‘ನಿಧಾನವೇ ಪ್ರಧಾನ’ ಎಂದೂ ಹೇಳಿತಲ್ಲವೇ? ಈ ಎರಡು ಗಾದೆಗಳಿಗೆ ವಿರೋಧವಿಲ್ಲ. ನೋಡಿ ನಡೆಯುವುದು, ಅಳೆದು ಮಾತನಾಡುವುದು, ಪರಿಶೀಲಿಸಿ ಎತ್ತುವುದು ಇಡುವುದು ಎಂಬ ಸಮಿತಿಗಳೆಲ್ಲ ನಿಧಾನದ ಶಿಕ್ಷಣವೇ. ಕೋಪದಲ್ಲಿ ಬರೆದ ಪತ್ರವನ್ನು ಅಂಚೆಗೆ ಹಾಕಲು ನಾಳೆಯವರೆಗೆ ಕಾಯುವುದು ಪ್ರಮಾದವಲ್ಲ, ಸಂಯಮ. ಧಾವಂತದಿಂದ ಮಾಡಿದ ಕೆಲಸವೂ ಎಚ್ಚರ ತಪ್ಪಿದ ಕೆಲಸವೇ ಆದುದರಿಂದ ಅವಸರವೂ ಪ್ರಮಾದದ ಇನ್ನೊಂದು ಮುಖ. ನಿವೃತ್ತಿಯಾದರೋ ಎಚ್ಚರದಿಂದ ಬಿಡುವ ಕ್ರಿಯೆ. ಮುಂದೂಡುವವನು ಏನನ್ನೂ ಬಿಟ್ಟಿರುವುದಿಲ್ಲ. ಕೆಲಸವನ್ನು ಮಾಡುವುದೂ ಇಲ್ಲ, ಮನಸ್ಸಿನಿಂದ ಇಳಿಸುವುದೂ ಇಲ್ಲ. ಮಾಡಲಾಗದ ಕೆಲಸವನ್ನು ‘ಇದು ನನ್ನಿಂದಾಗದು’ ಎಂದು ಸ್ಪಷ್ಟವಾಗಿ ತಿಳಿಸಿ ಬೇರೆಯವರಿಗೆ ಒಪ್ಪಿಸುವುದು ಅದಕ್ಕಿಂತ ಎಷ್ಟೋ ಮೇಲು.

ಜೈನ ಕಥಾಪರಂಪರೆಯ ಮಧುಬಿಂದು ದೃಷ್ಟಾಂತ ಈ ಸ್ಥಿತಿಯ ಚಿತ್ರವನ್ನೇ ಕೊಡುತ್ತದೆ. ಆನೆ ಅಟ್ಟಿಸಿಕೊಂಡು ಬರಲು ಓಡಿದ ಪಥಿಕನು ಪಾಳುಬಾವಿಯಲ್ಲಿ ಆಲದ ಬೇರನ್ನು ಹಿಡಿದು ನೇತಾಡುತ್ತಿದ್ದಾನೆ. ಕೆಳಗೆ ಸರ್ಪಗಳು, ಮೇಲೆ ಬೇರನ್ನು ಕಡಿಯುತ್ತಿರುವ ಬಿಳಿಯ ಹಾಗೂ ಕರಿಯ ಇಲಿಗಳು. ಜೇನುಗೂಡಿನಿಂದ ಆಗಾಗ ಒಂದು ಹನಿ ಬಾಯಿಗೆ ಬೀಳುತ್ತದೆ. ಪರಂಪರೆಯಲ್ಲಿ ಹೇಳಿಕೊಂಡು ಬಂದಿರುವಂತೆ, ವಿದ್ಯಾಧರನೊಬ್ಬನು ವಿಮಾನವನ್ನು ನಿಲ್ಲಿಸಿ ಕೈ ನೀಡಿದಾಗ ಅವನು ಬರುವುದಿಲ್ಲವೆನ್ನಲಿಲ್ಲ. ಇನ್ನೊಂದು ಹನಿ ಬೀಳಲಿ, ಬರುತ್ತೇನೆ ಎಂದನು. ಇದಕ್ಕೆ ಪ್ರತಿಯಾಗಿ ವಡ್ಡಾರಾಧನೆಯ ಸುಕುಮಾರಸ್ವಾಮಿಯ ಕಥೆಯನ್ನು ನೆನೆಯಬಹುದು. ಸಾಸಿವೆಯ ಕಾಳು ಒತ್ತಿದರೂ ನೋಯುತ್ತಿದ್ದ ಮೈಯವನು ಅವನು. ತನಗೆ ಉಳಿದ ಆಯುಷ್ಯ ಮೂರೇ ದಿನವೆಂದು ತಿಳಿದಾಗ ಇನ್ನೇನು ಮಾಡಲಾದೀತೆಂದು ಕೈಚೆಲ್ಲಲಿಲ್ಲ. ಅಂದೇ ದೀಕ್ಷೆ ಪಡೆದು ಆ ಮೂರು ದಿನಗಳಲ್ಲಿಯೇ ಆತ್ಮಹಿತವನ್ನು ಸಾಧಿಸಿದನು. ತಡವಾಯಿತೆಂಬ ನಿರಾಶೆಯೂ ಮುಂದೂಡುವುದಕ್ಕೆ ಒಂದು ನೆಪವಷ್ಟೇ ಎಂಬುದನ್ನು ಈ ಕಥೆ ತಿಳಿಸುತ್ತದೆ.

ಪ್ರಮಾದವನ್ನು ಗೆಲ್ಲುವ ಕ್ರಮ

ಉಪದೇಶದಿಂದ ಮಾತ್ರ ಪ್ರಮಾದ ತೊಲಗುವುದಿಲ್ಲ. ಆದುದರಿಂದಲೇ ಪೂರ್ವಾಚಾರ್ಯರು ಶ್ರಾವಕನ ಕೈಗೆ ಸಾಧನಗಳನ್ನು ಕೊಟ್ಟಿದ್ದಾರೆ. ಅವುಗಳಲ್ಲಿ ಮೊದಲನೆಯದು ನಿಯಮ. ರತ್ನಕರಂಡಕ ಶ್ರಾವಕಾಚಾರವು ಯಮ ಮತ್ತು ನಿಯಮಗಳ ಭೇದವನ್ನು ಕಾಲದಿಂದ ಮಾಡುತ್ತದೆ. ಯಾವಜ್ಜೀವ ಧರಿಸುವುದು ಯಮ. ಇಂತಿಷ್ಟು ಕಾಲವೆಂದು ಮಿತಿಗೊಳಿಸಿದುದು ನಿಯಮ. ಒಂದು ದಿನ, ಒಂದು ಪಕ್ಷ, ಚಾತುರ್ಮಾಸದ ನಾಲ್ಕು ತಿಂಗಳು ಹೀಗೆ ಚಿಕ್ಕ ಅವಧಿಯೂ ಸಲ್ಲುತ್ತದೆ. ಇನ್ನು ಮೇಲೆ ಪ್ರತಿದಿನ ಸ್ವಾಧ್ಯಾಯ ಮಾಡುತ್ತೇನೆ ಎಂಬ ಸಂಕಲ್ಪ ಮೂರನೆಯ ದಿನ ಮುರಿಯುತ್ತದೆ. ಈ ಪಕ್ಷದ ಮಟ್ಟಿಗೆ, ಸಂಜೆಯ ಊಟವಾದ ಮೇಲೆ, ಒಂದು ಪುಟ ಓದಿಯೇ ಮುಂದಿನ ಮಾತು ಎಂಬ ನಿಯಮ ಉಳಿಯುತ್ತದೆ. ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಸರ್ 1999ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ, ಇಂಥ ಸಂದರ್ಭ ಬಂದಾಗ ಇಂಥದನ್ನು ಮಾಡುತ್ತೇನೆ ಎಂದು ಹೊತ್ತು, ಸ್ಥಳಗಳೊಡನೆ ಮೊದಲೇ ನಿಶ್ಚಯಿಸಿಕೊಂಡವರು ಬರಿಯ ಗುರಿಯನ್ನಿಟ್ಟುಕೊಂಡವರಿಗಿಂತ ಹೆಚ್ಚಾಗಿ ಕೆಲಸವನ್ನು ನೆರವೇರಿಸುತ್ತಾರೆಂದು ತೋರಿಸಿದರು. ಕಾಲವನ್ನು ಗೊತ್ತುಪಡಿಸಿಕೊಂಡು ಪ್ರತ್ಯಾಖ್ಯಾನ ಮಾಡುವ ಮನೆತನಗಳಿಗೆ ಇದು ಹೊಸದೇನಲ್ಲ.

ಎರಡನೆಯದು ಪ್ರತಿಕ್ರಮಣ. ಇದರಲ್ಲಿ ಮಾಡಿದ ದೋಷಗಳನ್ನು ನೆನೆಯುವುದು ರೂಢಿ. ಸಾಮಾಯಿಕದ ಅತಿಚಾರಗಳಲ್ಲಿ ಅನಾದರ ಮತ್ತು ಸ್ಮೃತ್ಯನುಪಸ್ಥಾನ, ಅಂದರೆ ಉತ್ಸಾಹವಿಲ್ಲದಿರುವುದು ಮತ್ತು ಮರೆತುಬಿಡುವುದು ಎಂಬ ಎರಡನ್ನು ಎಣಿಸಿರುವುದರಿಂದ, ಮಾಡದೆ ಬಿಟ್ಟುದನ್ನೂ ಆಲೋಚನೆಗೆ ತರಬೇಕೆಂಬುದು ಸ್ಪಷ್ಟ. ದಿನದ ಕೊನೆಗೆ ಇಂದು ಮಾಡಬೇಕಾಗಿದ್ದು ಮಾಡದೆ ಬಿಟ್ಟುದೇನು, ಯಾವ ಅಂಜಿಕೆಯಿಂದ ಬಿಟ್ಟೆ ಎಂದು ತನ್ನನ್ನು ತಾನೇ ಕೇಳಿಕೊಂಡವನಿಗೆ ಪ್ರಮಾದದ ಮುಖ ಕಾಣಿಸುತ್ತದೆ. ಆದರೆ ಇದು ಆತ್ಮನಿಂದೆಯ ಗೀಳಾಗಬಾರದು. ತನ್ನನ್ನು ಹಳಿದುಕೊಳ್ಳುತ್ತ ಕುಳಿತವನು ಮರುದಿನವೂ ಆ ಕೆಲಸದ ಬಳಿಗೆ ಹೋಗಲು ಅಂಜುತ್ತಾನೆ. ದೋಷವನ್ನು ಗುರುತಿಸಿ, ಬಿಟ್ಟು, ಮರಳಿ ತನ್ನ ಸ್ಥಾನಕ್ಕೆ ಬರುವುದೇ ಪ್ರತಿಕ್ರಮಣ.

ಮೂರನೆಯದು ಕಾರ್ಯವನ್ನು ಚಿಕ್ಕದಾಗಿ ಒಡೆಯುವ ವಿವೇಕ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಕನ್ನಡ ನಾಡು ಹೆಮ್ಮೆಯಿಂದ ನೆನೆಯುವ ಸಂಗತಿ. ಅಚ್ಚುಕೂಟವಿಲ್ಲದ 10ನೆಯ ಶತಮಾನದಲ್ಲಿ ಒಂದೊಂದು ಪ್ರತಿಯನ್ನೂ ಲಿಪಿಕಾರರು ಒಂದೊಂದೇ ಗರಿಯ ಮೇಲೆ ಕೈಯಿಂದ ಬರೆಯಬೇಕಾಗಿತ್ತು. 1000ದ ಸಂಖ್ಯೆಯನ್ನು ನೆನೆದು ಅಂಜಿದ್ದರೆ ಮೊದಲ ಗರಿಯೇ ಬರಿದಾಗಿ ಉಳಿಯುತ್ತಿತ್ತು.

ಮುಗಿಸಲಾಗದೆಂಬ ಭಯದಿಂದ ಆರಂಭಿಸದವರಿಗೆ ಆಚಾರ್ಯಪರಂಪರೆಯಲ್ಲಿಯೇ ಉತ್ತರವಿದೆ. ವೀರಸೇನಾಚಾರ್ಯರು ಜಯಧವಲಾ ಟೀಕೆಯನ್ನು ಆರಂಭಿಸಿ 20,000 ಶ್ಲೋಕಪ್ರಮಾಣ ಬರೆದು ದಿವಂಗತರಾದರು. ಶಿಷ್ಯರಾದ ಜಿನಸೇನಾಚಾರ್ಯರು ಇನ್ನೂ 40,000 ಶ್ಲೋಕಪ್ರಮಾಣ ಬರೆದು 837ರಲ್ಲಿ ಅದನ್ನು ಪೂರ್ಣಗೊಳಿಸಿದರು. ಅದೇ ಜಿನಸೇನರು ಕೈಗೊಂಡ ಮಹಾಪುರಾಣವು ಆದಿಪುರಾಣದ 42 ಪರ್ವಗಳು ಮುಗಿದು 43ನೆಯ ಪರ್ವದ ಆರಂಭದಲ್ಲಿ ನಿಂತಿತು. ಅದನ್ನು ಅವರ ಶಿಷ್ಯರಾದ ಗುಣಭದ್ರಾಚಾರ್ಯರು ಮುಂದುವರಿಸಿದರು. ಆರಂಭಿಸಿದ ಕೆಲಸವನ್ನು ಇನ್ನೊಬ್ಬರು ಮುಗಿಸಬಲ್ಲರು. ಆರಂಭಿಸದ ಕೆಲಸಕ್ಕೆ ಉತ್ತರಾಧಿಕಾರಿಯಿಲ್ಲ.

ಗುಣಸ್ಥಾನಗಳ ಕ್ರಮದಲ್ಲಿ ಆರನೆಯದು ಪ್ರಮತ್ತವಿರತ, ಏಳನೆಯದು ಅಪ್ರಮತ್ತವಿರತ. ಸರ್ವಸಂಗಪರಿತ್ಯಾಗ ಮಾಡಿದ ಮಹಾಮುನಿಗಳೂ ಈ ಎರಡರ ನಡುವೆ ಅಂತರ್ಮುಹೂರ್ತಕ್ಕೊಮ್ಮೆ ಏರಿಳಿಯುತ್ತಿರುತ್ತಾರೆ ಎಂದು ಆಗಮ ಹೇಳುತ್ತದೆ. ಮುನಿಗಳ ಪ್ರಮಾದಕ್ಕೂ ಗೃಹಸ್ಥನ ಆಲಸ್ಯಕ್ಕೂ ಹೋಲಿಕೆಯಿಲ್ಲ. ಆದರೂ ಜಾರಿದ ಕೂಡಲೇ ಮತ್ತೆ ಏರಬಹುದೆಂಬ ಆಶ್ವಾಸನೆ ಅಲ್ಲಿದೆ. ನಿನ್ನೆ ಜಾರಿದುದಕ್ಕಾಗಿ ಇಂದು ಹತಾಶನಾಗಬೇಕಿಲ್ಲ. ಪ್ರತಿಯೊಬ್ಬ ಶ್ರಾವಕನ ಮನೆಯಲ್ಲಿಯೂ ಬಹುಕಾಲದಿಂದ ಕಾದಿರುವ ಒಂದು ಕೆಲಸವಿರುತ್ತದೆ. ಅದು ಸಲ್ಲಿಸಬೇಕಾದ ದಾನವಿರಬಹುದು, ಮುಗಿಸಬೇಕಾದ ಲೆಕ್ಕವಿರಬಹುದು, ಆಡಬೇಕಾದ ಒಂದು ಕ್ಷಮೆಯ ಮಾತಿರಬಹುದು. ಅದಕ್ಕೆ ಇಂದಿನ ಸೂರ್ಯಾಸ್ತದ ಒಳಗೆ ಒಂದು ಮುಹೂರ್ತವನ್ನು ಕೊಟ್ಟರೆ, ಅಂದಿನ ಸಂಜೆಯ ಸಾಮಾಯಿಕದಲ್ಲಿ ಮನಸ್ಸು ಎಷ್ಟು ಹಗುರವಾಗಿ ನಿಲ್ಲುತ್ತದೆಂಬುದನ್ನು ಅವನೇ ಅನುಭವಿಸಿ ತಿಳಿಯಬಲ್ಲನು.